ಭ್ರೂಣಕ್ಕೆ ಅಂಕ ಹಾಕುವ ಯಂತ್ರ: ದೊಡ್ಡಮ್ಮನ ಕಿವಿಮಾತು

ಪುಟ್ಟೀ,

ಐವಿಎಫ್ ಖರ್ಚಿನ ಪಟ್ಟಿಯ ಕೊನೆಯಲ್ಲಿ ‘ಎಐ ಎಂಬ್ರಿಯೊ ಸೆಲೆಕ್ಷನ್’ ಅಂತ ಒಂದು ಸಾಲಿದೆ, ಅದಕ್ಕೆ ಬೇರೆ ದುಡ್ಡಂತೆ, ಹಾಕಿಸಿಕೊಳ್ಳಲೋ ಬೇಡವೋ ಎಂದು ಕೇಳಿದ್ದೀಯ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಆಸ್ಪತ್ರೆಯವರು ತಮ್ಮ ಅನುಕೂಲಕ್ಕೆ ಆ ಯಂತ್ರ ಇಟ್ಟುಕೊಂಡಿದ್ದರೆ ಬಳಸಲಿ, ಅಡ್ಡ ಹೇಳಬೇಡ. ಆದರೆ ಅದಕ್ಕೆಂದು ನೀನು ಪ್ರತ್ಯೇಕವಾಗಿ ದುಡ್ಡು ಕಟ್ಟಬೇಕಾಗಿಲ್ಲ. ಕಾರಣ ತಿಳಿಯುವ ಪುರಸೊತ್ತಿದ್ದರೆ ಮುಂದೆ ಓದು. ನಾನು ಹೆರಿಗೆ ವಾರ್ಡಿನಲ್ಲಿ ಬದುಕು ಸವೆಸಿದವಳು, ಐವಿಎಫ್ ಲ್ಯಾಬಿನವಳಲ್ಲ. ಆದರೂ ಮಕ್ಕಳಿಗಾಗಿ ಊರೂರು ಅಲೆದ ಹೆಣ್ಣುಮಕ್ಕಳು ಕೊನೆಗೆ ಕೈಯಲ್ಲಿ ಫೈಲು ಹಿಡಿದು ಬಂದು ಕೂರುತ್ತಿದ್ದುದು ನನ್ನೆದುರಿಗೇ. ಅವರ ಫೈಲುಗಳನ್ನು ಓದುವ ಸಲುವಾಗಿಯೇ ಈ ವಿಷಯದ ಬೆನ್ನು ಬಿದ್ದೆ. ನಿನ್ನ ಕೆಲಸವೇ ಸಾಫ್ಟ್‌ವೇರ್ ಆದ್ದರಿಂದ ಇದರಲ್ಲಿ ಅರ್ಧ ನಿನಗೆ ನನಗಿಂತ ಬೇಗ ಅರ್ಥವಾಗುತ್ತದೆ.

ಎಗ್ ಪಿಕಪ್ ಆದ ದಿನ ಸಿಕ್ಕ ಮೊಟ್ಟೆಗಳಿಗೆ ವೀರ್ಯಾಣು ಸೇರಿಸಿ ಇನ್‌ಕ್ಯುಬೇಟರಿನಲ್ಲಿ ಇಡುತ್ತಾರೆ. ಐದನೆಯ ದಿನದ ಹೊತ್ತಿಗೆ ಅವುಗಳಲ್ಲಿ ಕೆಲವು ಬ್ಲಾಸ್ಟೊಸಿಸ್ಟ್ ಎಂಬ ಹಂತ ಮುಟ್ಟುತ್ತವೆ. ಎಂಬ್ರಿಯಾಲಜಿಸ್ಟ್ ಸೂಕ್ಷ್ಮದರ್ಶಕದಲ್ಲಿ ನೋಡಿ ‘4ಎಬಿ’, ‘3ಬಿಬಿ’ ಎಂದು ಬರೆಯುತ್ತಾರೆ. ಭ್ರೂಣ ಎಷ್ಟು ಹಿಗ್ಗಿದೆ ಎಂಬುದಕ್ಕೆ ಆ ಅಂಕಿ. ಮೊದಲ ಅಕ್ಷರ ಮಗುವಾಗಲಿರುವ ಒಳಗಿನ ಜೀವಕೋಶಗಳ ಗುಂಪಿಗೆ, ಎರಡನೆಯದು ಮಾಸು ಆಗಲಿರುವ ಹೊರಪದರಕ್ಕೆ. ಇದೆಲ್ಲ ಕಣ್ಣಂದಾಜು. ಒಂದೇ ಭ್ರೂಣವನ್ನು ಇಬ್ಬರು ಅನುಭವಸ್ಥರಿಗೆ ತೋರಿಸಿದರೆ ಒಬ್ಬರು ‘ಎ’ ಅಂದದ್ದಕ್ಕೆ ಇನ್ನೊಬ್ಬರು ‘ಬಿ’ ಅನ್ನುವುದು ಅಪರೂಪವೇನಲ್ಲ. ಈ ಸಂದಿಯಲ್ಲೇ ಯಂತ್ರ ನುಗ್ಗಿದ್ದು. ಟೈಮ್‌ಲ್ಯಾಪ್ಸ್ ಇನ್‌ಕ್ಯುಬೇಟರಿನೊಳಗಿನ ಕ್ಯಾಮೆರಾ ಕೆಲವು ನಿಮಿಷಕ್ಕೊಮ್ಮೆ ಫೋಟೋ ತೆಗೆಯುತ್ತಲೇ ಇರುತ್ತದೆ. ಐದು ದಿನದ ಆ ಫೋಟೋಗಳ ಸಾಲನ್ನು ಸಾಫ್ಟ್‌ವೇರ್ ಓದಿ ಪ್ರತಿ ಭ್ರೂಣಕ್ಕೂ ಒಂದು ಅಂಕ ಕೊಡುತ್ತದೆ. ತುಂಬ ಕಡೆ ಬಳಕೆಯಲ್ಲಿರುವ ಐಡಾಸ್ಕೋರ್ ಎಂಬುದು 1ರಿಂದ 9.9ರವರೆಗೆ ಅಂಕ ಹಾಕುತ್ತದೆ.

ತೊಂದರೆ ಶುರುವಾಗುವುದು ಆ ಅಂಕ ನಿಮ್ಮ ಕೈಗೆ ಬಂದ ಮೇಲೆ. ನಮ್ಮ ಮನೆಗಳಲ್ಲಿ ಯಾವ ಅಂಕ ಬಂದರೂ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಹಿಡಿದ ಹಾಗೆ ಹಿಡಿಯುತ್ತೇವೆ. 9.2 ಬಂತೆಂದರೆ ಶೇ. 92 ಪಾಸಾದಂತೆ, 4.1 ಬಂದರೆ ಫೇಲು. ಆ ಅಂಕದ ಅರ್ಥ ಅದಲ್ಲ ಕಣಮ್ಮ. ಇಂಥ ಫೋಟೋ ಇದ್ದ ಹಿಂದಿನ ಭ್ರೂಣಗಳಲ್ಲಿ ಗರ್ಭ ನಿಂತದ್ದು ಹೆಚ್ಚೋ ಕಡಿಮೆಯೋ ಎಂಬುದನ್ನು ಅದು ಹೋಲಿಸಿ ಹೇಳುತ್ತದೆ, ಅಷ್ಟೇ. ಅತಿ ಹೆಚ್ಚು ಅಂಕದ ಭ್ರೂಣವೂ ಗರ್ಭಕೋಶಕ್ಕೆ ಅಂಟದೆ ಹೋಗಬಹುದು. ಕಡಿಮೆ ಅಂಕದ್ದು ಹುಟ್ಟಿ, ಬೆಳೆದು, ನಿನ್ನ ಹತ್ತಿರ ಜಗಳ ಆಡಬಹುದು.

ಯಂತ್ರ ಕಲಿತದ್ದು ಯಾವ ಪಾಠ ಎಂಬುದನ್ನೂ ಕೇಳಬೇಕು. ಗರ್ಭದಲ್ಲಿ ಎದೆಬಡಿತ ಕಂಡದ್ದನ್ನು ಗೆಲುವೆಂದು ಕಲಿಸಿದ್ದಾರೋ, ಮಗು ಹುಟ್ಟಿದ್ದನ್ನೋ? ಇವೆರಡರ ನಡುವೆ ಗರ್ಭಪಾತ ಅನ್ನುವುದೊಂದಿದೆ, ಅದನ್ನು ನಾನು ನಿನಗೆ ಬಿಡಿಸಿ ಹೇಳಬೇಕಿಲ್ಲ. 2019ರಲ್ಲಿ ಆಸ್ಟ್ರೇಲಿಯಾದ ತಂಡವೊಂದು 10,638 ಭ್ರೂಣಗಳ ವಿಡಿಯೊ ಇಟ್ಟುಕೊಂಡು ಗೆಲ್ಲುವ, ಸೋಲುವ ಭ್ರೂಣಗಳನ್ನು ಬೇರ್ಪಡಿಸುವ ಸಾಮರ್ಥ್ಯದ ಅಳತೆಯಾದ ಎಯುಸಿ ತಮ್ಮ ಮಾದರಿಗೆ 0.93 ಬಂತೆಂದು ಪ್ರಕಟಿಸಿತು. ನಿಮ್ಮ ಆಫೀಸಿನಲ್ಲಿ ಯಾರಾದರೂ ಇಂಥ ಅಂಕಿ ತಂದರೆ ಮೊದಲು ಡೇಟಾ ತೋರಿಸು ಅನ್ನುತ್ತೀಯ ತಾನೆ? ಇಲ್ಲೂ ಹಾಗೆಯೇ ಕೇಳಿದರು. ಆ ಲೆಕ್ಕದೊಳಗೆ ಬೆಳೆಯದೆ ನಿಂತುಹೋಗಿ ಎಸೆದಿದ್ದ ಭ್ರೂಣಗಳೂ ಸೇರಿದ್ದವು. ನಿಂತುಹೋದದ್ದನ್ನು ಗುರುತಿಸಲು ಲ್ಯಾಬಿಗೆ ಬಂದ ಹೊಸ ಹುಡುಗಿಯೇ ಸಾಕು. ನಮಗೆ ಕಷ್ಟವಿರುವುದು ನೋಡಲು ಒಂದೇ ತರಹ ಇರುವ ಮೂರು ಒಳ್ಳೆಯ ಭ್ರೂಣಗಳ ನಡುವೆ ಆರಿಸುವಾಗ, ಅಲ್ಲಿ ಆ 0.93 ಉಳಿಯುವುದಿಲ್ಲ.

ಹಾಗಾದರೆ ನಿಜವಾದ ಪರೀಕ್ಷೆ ನಡೆಯಲೇ ಇಲ್ಲವೇ ಅಂದರೆ, ನಡೆದಿದೆ, ಚೆನ್ನಾಗಿಯೇ ನಡೆದಿದೆ. ಆಸ್ಟ್ರೇಲಿಯಾ ಮತ್ತು ಯುರೋಪಿನ 14 ಐವಿಎಫ್ ಕೇಂದ್ರಗಳಲ್ಲಿ 1,066 ಹೆಂಗಸರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿನವರಿಗೆ ಯಂತ್ರ ಆರಿಸಿದ ಭ್ರೂಣ, ಇನ್ನೊಂದಕ್ಕೆ ಎಂಬ್ರಿಯಾಲಜಿಸ್ಟ್ ಆರಿಸಿದ್ದು. 2024ರಲ್ಲಿ ‘ನೇಚರ್ ಮೆಡಿಸಿನ್’ನಲ್ಲಿ ಫಲಿತಾಂಶ ಬಂತು. ಯಂತ್ರದ ಗುಂಪಿನಲ್ಲಿ ಗರ್ಭ ನಿಂತದ್ದು ಶೇ. 46.5, ಮನುಷ್ಯರ ಗುಂಪಿನಲ್ಲಿ ಶೇ. 48.2. ವ್ಯತ್ಯಾಸ ಸಣ್ಣದು, ಇದನ್ನೇ ಹಿಡಿದು ಯಂತ್ರ ಸೋತಿತು ಎಂದು ಕುಣಿಯುವ ಹಾಗಿಲ್ಲ. ಆದರೆ ಯಂತ್ರ ಮನುಷ್ಯರಿಗಿಂತ ಕಡಿಮೆಯಿಲ್ಲ ಎಂದು ಸಾಬೀತುಪಡಿಸುವುದೇ ಆ ಪರೀಕ್ಷೆಯ ಗುರಿಯಾಗಿತ್ತು, ಅಷ್ಟನ್ನು ಅದು ಸಾಬೀತುಪಡಿಸಲಾಗಲಿಲ್ಲ. ಇನ್ನೊಂದು ಅಂಕಿ ಗಮನಿಸು. ಭ್ರೂಣಗಳನ್ನು ನೋಡಿ ತೀರ್ಮಾನಿಸಲು ಮನುಷ್ಯರಿಗೆ ಸರಾಸರಿ 208 ಸೆಕೆಂಡು ಬೇಕಾಯಿತು, ಯಂತ್ರಕ್ಕೆ 21. ಹತ್ತು ಪಟ್ಟು ಬೇಗ! ದಿನಕ್ಕೆ ಹತ್ತಾರು ದಂಪತಿಗಳ ಭ್ರೂಣ ನೋಡುವ ಲ್ಯಾಬಿಗೆ ಇದು ದೊಡ್ಡ ಉಪಕಾರ. ಉಳಿದದ್ದು ಲ್ಯಾಬಿನ ಸಮಯ, ಬಿಲ್ಲು ಮಾತ್ರ ನಿನ್ನ ಹೆಸರಿಗೆ. ಇದು ನನಗೆ ಅರ್ಥವಾಗದ ಲೆಕ್ಕ.

ಟೈಮ್‌ಲ್ಯಾಪ್ಸ್ ಇನ್‌ಕ್ಯುಬೇಟರ್ ಬಗ್ಗೆಯೂ ಅದೇ ವರ್ಷ ‘ಲ್ಯಾನ್ಸೆಟ್’ನಲ್ಲಿ ದೊಡ್ಡ ಪರೀಕ್ಷೆಯ ವರದಿ ಬಂದಿದೆ. ಬ್ರಿಟನ್ ಮತ್ತು ಹಾಂಗ್‌ಕಾಂಗಿನ 1,575 ಮಂದಿಯ ಮೇಲೆ ಮಾಡಿದ್ದು. ಕ್ಯಾಮೆರಾದ ಫೋಟೋ ನೋಡಿ ಆರಿಸಿದ ಗುಂಪಿನಲ್ಲಿ ಮಗು ಹುಟ್ಟಿದ್ದು ಶೇ. 33.7, ಮಾಮೂಲಿ ಇನ್‌ಕ್ಯುಬೇಟರಿನ ಗುಂಪಿನಲ್ಲಿ ಶೇ. 33. ಹೆಚ್ಚು ಹೇಳುವುದೇನಿಲ್ಲ.

ಈಗ ಒಂದು ವಿಷಯ, ಇದನ್ನು ಕೌನ್ಸೆಲಿಂಗ್ ಕೋಣೆಯಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ನಿನಗೆ ನಾಲ್ಕು ಭ್ರೂಣ ಸಿಕ್ಕವು ಎಂದಿಟ್ಟುಕೋ. ಒಂದನ್ನು ಈಗ ಹಾಕುತ್ತಾರೆ, ಮೂರನ್ನು ಫ್ರೀಜ್ ಮಾಡುತ್ತಾರೆ. ಮೊದಲನೆಯದು ನಿಲ್ಲದಿದ್ದರೆ ಎರಡನೆಯದು, ಅದೂ ಆಗದಿದ್ದರೆ ಮೂರನೆಯದು. ಯಂತ್ರ ಹೇಳುವುದು ಯಾವುದು ಮೊದಲು ಎಂಬ ಸರದಿಯನ್ನು ಮಾತ್ರ. ನಾಲ್ಕನ್ನೂ ಬಳಸುವ ಮನಸ್ಸಿದ್ದರೆ ಒಟ್ಟಾರೆ ಮಗುವಾಗುವ ಸಾಧ್ಯತೆ, ಸರದಿ ಹೇಗಿದ್ದರೂ, ಅಷ್ಟೇ ಇರುತ್ತದೆ. ಒಳ್ಳೆಯ ಸರದಿಯಿಂದ ಕೆಲವು ತಿಂಗಳು ಉಳಿಯಬಹುದು, ಒಂದು ಸೋತ ಟ್ರಾನ್ಸ್‌ಫರಿನ ಕಣ್ಣೀರು ಉಳಿಯಬಹುದು. ಅದು ಸಣ್ಣ ಲಾಭ ಅಂತ ನಾನು ಹೇಳುವುದಿಲ್ಲ, ಮೂವತ್ತಾರರಲ್ಲಿ ತಿಂಗಳುಗಳಿಗೂ ಬೆಲೆ ಇದೆ. ಆದರೆ ಇಲ್ಲದ ಮಗುವನ್ನು ಸರದಿ ತಂದುಕೊಡುವುದಿಲ್ಲ. ಇನ್ನು ಸಿಕ್ಕಿದ್ದೇ ಒಂದು ಭ್ರೂಣವಾದರೆ ಆರಿಸುವ ಮಾತೇ ಬರುವುದಿಲ್ಲ. ಅಂಡಾಶಯದಲ್ಲಿ ಮೊಟ್ಟೆ ಎಷ್ಟು ಉಳಿದಿದೆ ಎಂದು ಅಂದಾಜು ಹೇಳುವ ನಿನ್ನ ಎಎಂಎಚ್ ರಿಪೋರ್ಟ್ ನೋಡಿದರೆ ರಾಶಿ ಮೊಟ್ಟೆ ಬರುವ ಹಾಗಿಲ್ಲ, ಹಾಗಾಗಿ ಮೊದಲೇ ಹೇಳಿಟ್ಟಿದ್ದೇನೆ. ಪಿಕಪ್ ಆಗಿ ಐದು ದಿನ ಕಳೆದು ಎಷ್ಟು ಭ್ರೂಣ ಉಳಿದವು ಎಂದು ಗೊತ್ತಾಗುವ ಮೊದಲು ಆ ಸಾಲಿಗೆ ಟಿಕ್ ಹಾಕಿಸಿಕೊಳ್ಳುವುದು ಯಾವ ಬುದ್ಧಿ?

ಇದರ ಜೊತೆಗೇ ಬರುವ ಅಪಾಯವೊಂದಿದೆ. ಅಂಕ ಕಡಿಮೆ ಬಂತು, ಇದನ್ನು ಫ್ರೀಜ್ ಮಾಡಿ ದುಡ್ಡು ದಂಡ ಮಾಡುವುದು ಬೇಡ, ಬಿಸಾಡೋಣ ಎಂದು ಯಾರಾದರೂ ಹೇಳಿದರೆ ಅಲ್ಲೇ ತಡೆದು ಕೇಳು: ಎಂಬ್ರಿಯಾಲಜಿಸ್ಟರ ಅಭಿಪ್ರಾಯವೂ ಅದೇನಾ, ಇಲ್ಲ ಬರೀ ಯಂತ್ರದ್ದಾ? ಅಂಕ ನೋಡಿ ಒಳ್ಳೆಯ ಭ್ರೂಣ ಒಂದನ್ನು ಎಸೆದರೂ ಆ ಒಟ್ಟು ಸಾಧ್ಯತೆ ಇಳಿಯುತ್ತದೆ. ಫೋಟೋ ನೋಡಿ ಕ್ರೋಮೊಸೋಮ್ ಎಣಿಸಲು ಯಾವ ಯಂತ್ರಕ್ಕೂ ಆಗುವುದಿಲ್ಲ. ಅದಕ್ಕೆ ಹೊರಪದರದಿಂದ ಕೆಲವು ಜೀವಕೋಶ ತೆಗೆದು ಮಾಡುವ ಪರೀಕ್ಷೆಯೇ ಬೇರೆ. ವಯಸ್ಸಾದಂತೆ ಕ್ರೋಮೊಸೋಮ್ ಎಡವಟ್ಟಾದ ಭ್ರೂಣಗಳು ಹೆಚ್ಚುವುದು ನಿಜ, ಅದನ್ನು ಡಾಕ್ಟರ ಹತ್ತಿರ ನೇರವಾಗಿ ಮಾತಾಡು. ಅಂಕದ ಬಾಯಲ್ಲಿ ಹೇಳಿಸಬೇಡ.

ಎಐ ಅಂದರೆ ಮೂಗು ಮುರಿಯುವ ಮುದುಕಿ ಅಂದುಕೊಂಡುಬಿಟ್ಟೀಯ. ನಾನು ಅಂಥವಳಲ್ಲ. ಇದೇ ಕ್ಷೇತ್ರದಲ್ಲಿ ಯಂತ್ರ ಕೈಹಿಡಿದ ಕಡೆ ನೋಡಿ ಬೆರಗಾಗಿದ್ದೇನೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು ‘ಸ್ಟಾರ್’ ಎಂಬ ವಿಧಾನ ಕಟ್ಟಿದ್ದಾರೆ. ವೀರ್ಯದಲ್ಲಿ ವೀರ್ಯಾಣುವೇ ಕಾಣಿಸದ ಗಂಡಸರಿರುತ್ತಾರಲ್ಲ, ಲ್ಯಾಬಿನವರು ಗಂಟೆಗಟ್ಟಲೆ ತಡಕಾಡಿ ಕೈಚೆಲ್ಲುವಂಥವರು, ಅವರಿಗಾಗಿ. ನಕ್ಷತ್ರಗಳ ಫೋಟೋ ಜಾಲಾಡುವ ಖಗೋಳಶಾಸ್ತ್ರದ ವಿಧಾನದಿಂದ ಈ ಯೋಚನೆ ಹುಟ್ಟಿತಂತೆ. 2025ರಲ್ಲಿ ಅವರು ‘ಲ್ಯಾನ್ಸೆಟ್’ನಲ್ಲಿ ವಿವರಿಸಿದ ದಂಪತಿ ಸುಮಾರು 19 ವರ್ಷ ಮಗುವಿಗಾಗಿ ಕಾದವರು. ಯಂತ್ರ 25 ಲಕ್ಷ ಚಿತ್ರಗಳನ್ನು ಜಾಲಾಡಿ ಚಲಿಸುವ ಎರಡು ವೀರ್ಯಾಣು ಹುಡುಕಿಕೊಟ್ಟಿತು. ಎರಡೇ ಎರಡು! ಅವುಗಳಿಂದ ಎರಡು ಭ್ರೂಣ, ಆಮೇಲೆ ಗರ್ಭ. ಇಲ್ಲಿ ಯಂತ್ರ ಇದ್ದದ್ದನ್ನು ಸರದಿಯಲ್ಲಿ ನಿಲ್ಲಿಸುತ್ತಿಲ್ಲ. ಮನುಷ್ಯರ ಕಣ್ಣಿಗೆ ಬೀಳದೆ ಹೋಗುತ್ತಿದ್ದದ್ದನ್ನು ಹೊರಗೆ ತೆಗೆಯುತ್ತಿದೆ. ಇಂಥ ಕಡೆ ದುಡ್ಡು ಕೇಳಿದರೆ ಕೊಡಬಹುದು.

ಈ ನೆಪದಲ್ಲಿ ಒಂದು ಮಾತು. ಅಳಿಯಂದಿರ ವೀರ್ಯ ಪರೀಕ್ಷೆ ಆಗಿದೆಯೋ? ನಿನ್ನ ಫೈಲಿನಲ್ಲಿ ನಿನ್ನ ಸ್ಕ್ಯಾನ್, ಥೈರಾಯ್ಡ್, ಟ್ಯೂಬ್ ಟೆಸ್ಟ್, ಲ್ಯಾಪ್ರೊಸ್ಕೋಪಿ ಎಲ್ಲ ಇದೆ, ಅವರದೊಂದು ಕಾಗದವೂ ನನ್ನ ಕಣ್ಣಿಗೆ ಬೀಳಲಿಲ್ಲ. ಮಕ್ಕಳಾಗದ ಜೋಡಿಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಕಡೆ ಗಂಡಿನ ಪಾಲೂ ಇರುತ್ತದೆ. ಹೆಣ್ಣಿಗೆ ಅರಿವಳಿಕೆ ಕೊಟ್ಟು ಹೊಟ್ಟೆಗೆ ತೂತು ಮಾಡುವುದಕ್ಕಿಂತ ಮುಂಚೆ ಆಗಬೇಕಾದ ಪರೀಕ್ಷೆ ಅದು. ನನ್ನ ಕಾಲದಲ್ಲಿ ‘ಅವರಿಗೆ ಏನೂ ತೊಂದರೆ ಇಲ್ಲ ಡಾಕ್ಟ್ರೇ’ ಎಂದು ಅತ್ತೆಯೇ ಸರ್ಟಿಫಿಕೇಟು ಕೊಟ್ಟುಬಿಡುತ್ತಿದ್ದಳು. ಈಗಲೂ ಹೆಚ್ಚು ಬದಲಾದ ಹಾಗೆ ಕಾಣೆ.

ಇನ್ನೊಂದು ಉಪಯೋಗ ನಿನಗೆ ನೇರವಾಗಿ ಸಂಬಂಧಪಟ್ಟದ್ದು. ಮೊಟ್ಟೆ ಬೆಳೆಯುವ ಚೀಲಗಳ ಸ್ಕ್ಯಾನಿಗೆ, ಅದೇ ಫಾಲಿಕಲ್ ಸ್ಟಡಿಗೆ, ದಿನ ಬಿಟ್ಟು ದಿನ ಓಡುವಾಗ, ಮೊಟ್ಟೆಯನ್ನು ಪಕ್ವವಾಗಿಸುವ ಟ್ರಿಗರ್ ಇಂಜೆಕ್ಷನ್ ಯಾವತ್ತು ಎಂಬುದೇ ದೊಡ್ಡ ಪ್ರಶ್ನೆ. ಎರಡು ಮೂರು ದೊಡ್ಡ ಫಾಲಿಕಲ್ 17-18 ಮಿ.ಮೀ. ಮುಟ್ಟಿದರೆ ಟ್ರಿಗರ್ ಎಂಬುದು ಹಳೆಯ ಲೆಕ್ಕ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಬ್ರಿಟನ್ ಮತ್ತು ಪೋಲೆಂಡಿನ 11 ಕೇಂದ್ರಗಳ 19,082 ಮಂದಿಯ ದಾಖಲೆಯನ್ನು ಎಐಗೆ ಕೊಟ್ಟು ನೋಡಿದರು, 2025ರ ಆರಂಭದಲ್ಲಿ ಪ್ರಕಟವಾಯಿತು. ಟ್ರಿಗರ್ ದಿನ 13ರಿಂದ 18 ಮಿ.ಮೀ. ಇರುವ ಫಾಲಿಕಲ್‌ಗಳಿಂದಲೇ ಹೆಚ್ಚು ಪಕ್ವ ಮೊಟ್ಟೆ ಸಿಗುತ್ತದೆ ಎಂದು ಅದರಲ್ಲಿ ಕಂಡಿತು. ದೊಡ್ಡ ಒಂದೆರಡನ್ನು ಮಾತ್ರ ಕಾಯುತ್ತಾ ಕೂತರೆ ಪ್ರೊಜೆಸ್ಟೆರಾನ್ ಬೇಗ ಏರಿ ನಷ್ಟವೂ ಆಗಬಹುದು ಎಂದು ಸೂಚಿಸಿತು. ಸ್ಕ್ಯಾನ್ ಡಾಕ್ಟರು ದೊಡ್ಡ ಫಾಲಿಕಲ್ ಎಷ್ಟು ಮಿ.ಮೀ. ಅಂತ ಮಾತ್ರ ಹೇಳಿದರೆ, ಉಳಿದವು ಎಷ್ಟೆಷ್ಟಿವೆ ಎಂದು ಕೇಳಿಕೋ. ಕೇಳಿದ್ದಕ್ಕೆ ಬೈದರೆ ಬೈಯಲಿ.

ರೋಬಾಟುಗಳ ಕಥೆಯೂ ಇದೆ. ಸ್ಪೇನಿನ ಎಂಜಿನಿಯರುಗಳು ಮೊಟ್ಟೆಯೊಳಗೆ ವೀರ್ಯಾಣು ಚುಚ್ಚುವ ಯಂತ್ರ ಮಾಡಿ, ಅದರ ಸೂಜಿಯನ್ನು ಪ್ಲೇಸ್ಟೇಷನ್ನಿನ ಕಂಟ್ರೋಲರ್ ಹಿಡಿದು ನಡೆಸಿದರು, ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಮೆಕ್ಸಿಕೊದಲ್ಲಿದ್ದ ಮೊಟ್ಟೆಗೆ ಸಾವಿರಾರು ಕಿಲೋಮೀಟರ್ ದೂರದ ನ್ಯೂಯಾರ್ಕಿನಿಂದ ಚುಚ್ಚಿಸಿದ್ದೂ ಆಗಿದೆ. ನಿನ್ನ ಸೈಕಲ್ಲಿಗೆ ಇದರಿಂದ ಏನೂ ಆಗಬೇಕಾದ್ದಿಲ್ಲ, ಅಳಿಯಂದಿರಿಗೆ ಹೇಳು, ಕಂಟ್ರೋಲರ್ ವಿಷಯ ಕೇಳಿ ಖುಷಿಪಟ್ಟಾರು.

ಯಂತ್ರ ಯಾರ ಫೈಲು ಓದಿ ಕಲಿತಿದೆ ಎಂಬುದನ್ನು ನಾವು ಇಲ್ಲಿ ಕೂತವರು ವಿಶೇಷವಾಗಿ ಕೇಳಬೇಕು. 2014ರಲ್ಲಿ ಸ್ಪೇನಿನ ಮತ್ತು ಭಾರತದ ಹೆಂಗಸರನ್ನು ಹೋಲಿಸಿದ ಅಧ್ಯಯನವೊಂದು ನಮ್ಮವರ ಅಂಡಾಶಯಕ್ಕೆ ಸುಮಾರು ಆರು ವರ್ಷ ಮೊದಲೇ ವಯಸ್ಸಾಗುತ್ತದೆ ಎಂದು ಹೇಳಿತು. ಜೊತೆಗೆ ಟ್ಯೂಬು, ಗರ್ಭಕೋಶಗಳಿಗೆ ಕ್ಷಯ ತಗಲಿ ಮಕ್ಕಳಾಗದೆ ಹೋಗುವುದು ಯುರೋಪಿನಲ್ಲಿ ಅಪರೂಪ, ನಮ್ಮಲ್ಲಿ ಅಲ್ಲ. ಔಷಧಿಯ ಡೋಸ್ ಎಷ್ಟು, ಗೆಲ್ಲುವ ಸಾಧ್ಯತೆ ಶೇಕಡಾ ಎಷ್ಟು ಎಂದು ಹೇಳುವ ಸಾಫ್ಟ್‌ವೇರ್ ಆ ಕಡೆಯ ದಾಖಲೆಗಳನ್ನು ಮಾತ್ರ ಓದಿದ್ದರೆ ನಿನ್ನ ಬಗ್ಗೆ ಅದರ ಮಾತನ್ನು ಎಷ್ಟು ನಂಬಬೇಕು? ‘ನಿಮ್ಮಲ್ಲೇ ಬಂದ ರೋಗಿಗಳ ಮೇಲೆ ಇದನ್ನು ಪರೀಕ್ಷೆ ಮಾಡಿ ನೋಡಿದ್ದೀರಾ’ ಎಂಬ ಒಂದು ಪ್ರಶ್ನೆ ಸಾಕು, ಉತ್ತರ ಕೊಡುವ ರೀತಿಯಲ್ಲೇ ಗೊತ್ತಾಗುತ್ತದೆ.

ಪುರಾವೆ ಕೇಳುವುದು ಅವಮಾನವಲ್ಲ ಎನ್ನುವುದಕ್ಕೆ ನಮ್ಮ ದೇಶದ್ದೇ ಒಂದು ಕಥೆಯಿದೆ. ಇಂಗ್ಲೆಂಡಿನಲ್ಲಿ 1978ರ ಜುಲೈ 25ರಂದು ಲೂಯಿಸ್ ಬ್ರೌನ್ ಹುಟ್ಟಿದಳು, ಜಗತ್ತಿನ ಮೊದಲ ಪ್ರನಾಳ ಶಿಶು. ಅದಾದ ಎಪ್ಪತ್ತು ದಿನಕ್ಕೆ, ಅಕ್ಟೋಬರ್ 3ರಂದು, ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಇನ್ನೊಂದು ಹೆಣ್ಣುಮಗು. ಭ್ರೂಣವನ್ನು ಫ್ರೀಜ್ ಮಾಡಿಟ್ಟು 53 ದಿನದ ಮೇಲೆ ಹಾಕಿದ್ದರು ಆ ಮಹಾನುಭಾವ. ಇವತ್ತು ನಿನಗೆ ಮಾಡಲಿರುವುದೂ ಆ ದಾರಿಯದೇ. ಸರ್ಕಾರದ ಸಮಿತಿ ನಂಬಲಿಲ್ಲ, ಅವರನ್ನು ಕಣ್ಣಿನ ಸಂಸ್ಥೆಗೆ ವರ್ಗ ಮಾಡಿದರು, 1981ರಲ್ಲಿ ಅವರು ಜೀವ ಕಳೆದುಕೊಂಡರು. ಐದು ವರ್ಷದ ಮೇಲೆ ಮುಂಬೈಯಲ್ಲಿ ಡಾ. ಇಂದಿರಾ ಹಿಂದುಜಾ ಮತ್ತು ಡಾ. ಟಿ.ಸಿ. ಆನಂದ್ ಕುಮಾರ್ ಕೈಯಲ್ಲಿ ಹುಟ್ಟಿದ ಮಗುವೇ ದೇಶದ ಮೊದಲನೆಯದು ಎಂದಾಯಿತು. ಆಮೇಲೆ ಬೆಂಗಳೂರಿಗೆ ಬಂದು ನೆಲೆಸಿದ ಆನಂದ್ ಕುಮಾರರ ಕೈಗೆ ಸುಭಾಷರ ಟಿಪ್ಪಣಿಗಳು ಸಿಕ್ಕವು. ಓದಿದವರೇ, ಮೊದಲಿಗರು ನಾವಲ್ಲ, ಅವರು ಎಂದು ಬೆಂಗಳೂರಿನಿಂದಲೇ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ 1997ರಲ್ಲಿ ಬರೆದರು. ತನ್ನ ತಲೆಯ ಕಿರೀಟವನ್ನು ತಾನೇ ತೆಗೆದು ಸತ್ತವನ ತಲೆಗಿಟ್ಟ ವಿಜ್ಞಾನಿಗಳು ಎಷ್ಟು ಜನ ಇದ್ದಾರು? ಅಂದು ಕೈಬರಹದ ದಾಖಲೆ ಇದ್ದವರನ್ನೂ ನಂಬದೆ ಕೊಂದರು. ಇಂದು ಬಣ್ಣದ ಬ್ರೋಷರ್ ನೋಡಿ ನಂಬುತ್ತಿದ್ದೇವೆ.

ಮನೆಯ ಹಿರಿಯರ ವಿಷಯಕ್ಕೆ ಬರುತ್ತೇನೆ. ನಿಮ್ಮ ಅತ್ತೆ ಒಳ್ಳೆಯವರು, ನನಗೆ ಗೊತ್ತು. ಆದರೂ ‘ಅಷ್ಟೆಲ್ಲ ಗೊತ್ತಾಗುವ ಯಂತ್ರಕ್ಕೆ ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲವಾ’ ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಲಿಂಗ ಆಯ್ಕೆ ಗರ್ಭ ನಿಲ್ಲುವ ಮೊದಲೂ ಅಪರಾಧ, ಆಮೇಲೂ ಅಪರಾಧ. 1994ರ ಕಾಯ್ದೆಯೂ ಹಾಗೆ ಹೇಳುತ್ತದೆ, ಐವಿಎಫ್‌ನಂಥ ಚಿಕಿತ್ಸೆಗಳಿಗೆಂದು ಬಂದ 2021ರ ಎಆರ್‌ಟಿ ಕಾಯ್ದೆಯೂ. ಅಮೆರಿಕದಲ್ಲಿ ಕೆಲವು ಕಂಪನಿಗಳು ಭ್ರೂಣದ ಜೀನ್ ಓದಿ ಮುಂದೆ ಸಕ್ಕರೆ ಕಾಯಿಲೆ ಬರುತ್ತದಾ, ಬುದ್ಧಿ ಎಷ್ಟಿರುತ್ತದೆ ಎಂದು ಅಂದಾಜು ಮಾರುತ್ತಿವೆ. ನಮ್ಮ ಕಾಯ್ದೆಯಲ್ಲಿ ಭ್ರೂಣದ ಜೀನ್ ಪರೀಕ್ಷೆಗೆ ಅವಕಾಶವಿರುವುದು ಗೊತ್ತಿರುವ ಆನುವಂಶಿಕ ರೋಗಗಳನ್ನು ಪತ್ತೆ ಮಾಡಲು. ಯಾರಾದರೂ ವಾಟ್ಸಾಪಿನಲ್ಲಿ ಇಂಥ ಲಿಂಕ್ ಕಳಿಸಿದರೆ ನನಗೆ ಫಾರ್ವರ್ಡ್ ಮಾಡಬೇಡ, ಅಳಿಸಿಬಿಡು.

ಫೋನಿನ ಬಗ್ಗೆ. ಟ್ರಾನ್ಸ್‌ಫರ್ ಆದಮೇಲಿನ ಎರಡು ವಾರ ಎಲ್ಲರೂ ಚಾಟ್‌ಬಾಟ್ ಹತ್ತಿರ ಮಾತಾಡುತ್ತಾರೆ, ನೀನೂ ಆಡುತ್ತೀಯ, ಬೇಡ ಅಂದರೆ ಕೇಳುವವಳಲ್ಲ. ರಿಪೋರ್ಟಿನ ಪದಗಳ ಅರ್ಥ ಕೇಳು, ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಅದರಿಂದ ಬರೆಸಿಕೋ, ಅದಕ್ಕೆಲ್ಲ ಒಳ್ಳೆಯದು. ಗರ್ಭ ನಿಂತಿದೆಯೇ ಎಂದು ನೋಡುವ ರಕ್ತಪರೀಕ್ಷೆಯಲ್ಲಿ ಬೀಟಾ ಎಷ್ಟು ಬಂದರೆ ಏನು ಎಂದು ಮಧ್ಯರಾತ್ರಿ ಅದನ್ನು ಕೆದಕಬೇಡ. ಒಂದು ದಿನದ ಬೀಟಾ ಹೇಳುವುದು ಕಡಿಮೆ, ಎರಡು ದಿನ ಬಿಟ್ಟು ಎಷ್ಟು ಏರಿತು ಎಂಬುದು ಮುಖ್ಯ. ಸ್ವಲ್ಪ ರಕ್ತ ಕಂಡಿತೆಂದು ಅದು ಹೇಳಿದ ಮಾತಿಗೆ ಪ್ರೊಜೆಸ್ಟೆರಾನ್ ನಿಲ್ಲಿಸುವುದಂತೂ ಕೂಡದು. ಹೊಟ್ಟೆ ಉಬ್ಬರಿಸಿ, ಉಸಿರು ಕಟ್ಟಿ, ಮೂತ್ರ ಕಡಿಮೆಯಾದರೆ ಯಾವ ಯಂತ್ರವನ್ನೂ ಕೇಳದೆ ಆಸ್ಪತ್ರೆಗೆ ಹೋಗು. ಮೊಟ್ಟೆಯ ಇಂಜೆಕ್ಷನ್ ಅತಿಯಾದಾಗ ಬರುವ ತೊಂದರೆ ಅದು. ಮುಟ್ಟಿನ ದಿನ ಬರೆದಿಡುವ ಆ್ಯಪ್ ಬಗ್ಗೆಯೂ ಎಚ್ಚರ. ‘ಫ್ಲೊ’ ಎಂಬ ಜನಪ್ರಿಯ ಆ್ಯಪ್ ಹೆಂಗಸರ ಮಾಹಿತಿಯನ್ನು ಫೇಸ್‌ಬುಕ್, ಗೂಗಲ್‌ನಂಥವರ ಜೊತೆ ಹಂಚಿಕೊಂಡಿತು ಎಂಬ ಆರೋಪದ ಮೇಲೆ ಅಮೆರಿಕದ ವ್ಯಾಪಾರ ಆಯೋಗದೊಂದಿಗೆ 2021ರಲ್ಲಿ ರಾಜಿ ಮಾಡಿಕೊಳ್ಳಬೇಕಾಯಿತು. ಭ್ರೂಣದ ಫೋಟೋಗಳಿಗೂ ಇದೇ ಪ್ರಶ್ನೆ. ಕನ್ಸೆಂಟ್ ಫಾರಮ್ಮಿನಲ್ಲಿ ‘ಸಂಶೋಧನೆ ಮತ್ತು ತಂತ್ರಾಂಶ ಸುಧಾರಣೆಗೆ’ ಎಂಬ ಸಾಲು ಹುಡುಕು. ಹೆಸರು ತೆಗೆದು ಕೊಡುತ್ತಾರೋ, ಯಾವ ಕಂಪನಿಗೋ ಕೇಳಿ ಆಮೇಲೆ ಸಹಿ. ನಾನಾಗಿದ್ದರೆ ಹೆಸರಿಲ್ಲದೆ ಕೊಡುತ್ತಿದ್ದೆ, ನಮ್ಮವರ ಫೋಟೋಗಳನ್ನು ಓದಿದ ಯಂತ್ರ ಮುಂದಿನವರಿಗೆ ಬೇಕಲ್ಲ. ಆದರೆ ಅದು ನಿಮ್ಮಿಬ್ಬರ ತೀರ್ಮಾನ.

ಮುಂದಿನ ಕೌನ್ಸೆಲಿಂಗಿಗೆ ಅಳಿಯಂದಿರನ್ನು ಕರೆದುಕೊಂಡೇ ಹೋಗು. ಖರ್ಚು, ಅಪಾಯ, ಗೆಲ್ಲುವ ಸಾಧ್ಯತೆ ಎಲ್ಲವನ್ನೂ ವಿವರಿಸಬೇಕೆಂದು ಎಆರ್‌ಟಿ ಕಾಯ್ದೆಯೇ ಹೇಳುತ್ತದೆ, ಹಾಗಾಗಿ ಕೇಳಲು ಸಂಕೋಚ ಬೇಡ. ನಿನ್ನ ವಯಸ್ಸಿನವರಲ್ಲಿ ಕಳೆದ ವರ್ಷ ಎಷ್ಟು ಮಂದಿಗೆ ಅವರ ಸ್ವಂತ ಮೊಟ್ಟೆಯಿಂದ ಮಗು ಹುಟ್ಟಿತು ಎಂದು ಕೇಳು, ‘ಪಾಸಿಟಿವ್ ಬಂತು’ ಎನ್ನುವ ಲೆಕ್ಕ ಒಪ್ಪಬೇಡ. ಆ ಎಐ ಸಾಲಿನ ದುಡ್ಡನ್ನು ತೆಗೆದಿಡು. ಮೊದಲ ಟ್ರಾನ್ಸ್‌ಫರ್ ನಿಲ್ಲದಿದ್ದರೆ ಫ್ರೀಜ್ ಮಾಡಿದ್ದನ್ನು ಹಾಕಿಸಲು ದುಡ್ಡು ಬೇಕಾಗುತ್ತದೆ, ಆಗ ನಿಮ್ಮಮ್ಮನ ಬಳೆ ಅಡವಿಡುವ ಮಾತು ಬರುವುದು ಬೇಡ.